ಗಾಜಿನ ಗೋಡೆಗೆ ಇಳಕಲ್ ಸೀರೆ: ಚಿಕ್ಕಮಗಳೂರಿನಲ್ಲಿ ಮೂರು ದಿನ

ಅಪ್ಪ ಅವ್ವನ ಮದುವೆಯಾಗಿ ಈ ವೈಶಾಖಕ್ಕೆ ಐವತ್ತು ವರ್ಷ ತುಂಬಿತು. ಬೇಸಿಗೆಯಲ್ಲಿ ಬ್ಯಾಂಕಿನಲ್ಲಿ ನನಗೆ ರಜೆ ಸಿಗಲಿಲ್ಲ. ಜುಲೈ ಕೊನೆಯ ವಾರ ಸಿಕ್ಕಿತು. ಅಪ್ಪ ಮೂವತ್ತೇಳು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರು, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಅವರು ಊರು ನೋಡಿದ್ದೆಲ್ಲ ಶಾಲಾ ಮಕ್ಕಳ ಪ್ರವಾಸದಲ್ಲಿ, ಮಲಗಿದ್ದೆಲ್ಲ ಛತ್ರಗಳಲ್ಲಿ ಮತ್ತು ಯಾವುದೋ ಊರಿನ ಶಾಲೆಯ ಜಗುಲಿಯ ಮೇಲೆ. ಅವ್ವ ಅಷ್ಟನ್ನೂ ಕಂಡವಳಲ್ಲ. ಒಂದು ಸಲವಾದರೂ ಇಬ್ಬರನ್ನೂ ಮೆತ್ತನೆಯ ಹಾಸಿಗೆ, ಕಿಟಕಿ ತೆರೆದರೆ ಬೆಟ್ಟ ಕಾಣುವ ಕೋಣೆ ಇರುವ ಕಡೆ ಇರಿಸಬೇಕೆಂದು ಎರಡು ವರ್ಷ ಹಣ ಕೂಡಿಟ್ಟಿದ್ದೆ.

ಚಿಕ್ಕಮಗಳೂರಿನ ಹತ್ತಿರ, ಕಾಫಿ ತೋಟದ ನಡುವೆ ಇರುವ ಒಂದು ಐಷಾರಾಮಿ ಹೋಟೆಲ್. ಮೊಬೈಲಿನಲ್ಲಿ ಅದರ ಹೆಸರಿನ ಮುಂದೆ ಐದು ನಕ್ಷತ್ರ. ಎರಡು ಕೋಣೆಗಳ ಕಾಟೇಜ್, ರಾತ್ರಿಗೆ 18,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಮೂರು ರಾತ್ರಿಗೆ 63,720 ರೂಪಾಯಿಯನ್ನು ಮುಂಗಡವಾಗಿಯೇ ಕಟ್ಟಿದೆ. ರದ್ದು ಮಾಡಿದರೆ ಹಣ ವಾಪಸ್ ಇಲ್ಲ ಎಂಬ ಸಾಲನ್ನು ಓದಿದ್ದೆ. ರದ್ದು ಮಾಡುವ ಮಾತು ಎಲ್ಲಿ ಬರುತ್ತದೆ ಎಂದುಕೊಂಡಿದ್ದೆ. ಅಪ್ಪನಿಗೆ ಬೆಲೆ ಹೇಳಿರಲಿಲ್ಲ.

ಮೊದಲ ದಿನ, ಮಂಗಳವಾರ

ಬೆಳಿಗ್ಗೆ ಆರಕ್ಕೆ ದಾವಣಗೆರೆ ಬಿಟ್ಟೆವು. ಬಾಡಿಗೆ ಕಾರು. ಚಾಲಕ ನಮ್ಮ ಬೀದಿಯ ಹುಡುಗನೇ, ಅವ್ವ ಅವನನ್ನು ಕರೆಯುವುದು ತಮ್ಮಾ ಎಂದು. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಚೀಲ ನರ್ಗಿಸ್ ಮಂಡಕ್ಕಿ. ಅಷ್ಟು ದೊಡ್ಡ ಹೋಟೆಲಿಗೆ ಹೋಗುವಾಗ ರೊಟ್ಟಿ ಏಕವ್ವ ಎಂದರೆ, "ದಾರಿಗೆ ಇರಲಿ ಬಿಡು" ಎಂದಳು. ಮುಂದೆ ಎರಡು ರಾತ್ರಿ ನಾವು ಹೊಟ್ಟೆ ತುಂಬ ತಿಂದದ್ದು ಅದನ್ನೇ.

ಸಂತೇಬೆನ್ನೂರಿನಲ್ಲಿ ಪುಷ್ಕರಣಿ ನೋಡಲು ಹತ್ತು ನಿಮಿಷ ನಿಂತೆವು. ನೀರಿನ ನಡುವಿನ ಮಂಟಪ ಮೋಡದ ಬೆಳಕಿನಲ್ಲಿ ಬೂದು ಬಣ್ಣಕ್ಕೆ ತಿರುಗಿತ್ತು. ಚನ್ನಗಿರಿ ದಾಟುತ್ತಿದ್ದಂತೆ ಗದ್ದೆ ಹೋಗಿ ಅಡಿಕೆ ತೋಟ ಬಂತು, ಭದ್ರಾವತಿ ದಾಟಿ ತರೀಕೆರೆಗೆ ಬರುವ ಹೊತ್ತಿಗೆ ಮಳೆ ಹಿಡಿಯಿತು. ಅಪ್ಪ ಚಹಾದಂಗಡಿಯಲ್ಲಿ ಕೂತ ಕೂಡಲೇ ಕೇಳಿದ ಮೊದಲ ಪ್ರಶ್ನೆ, "ಡ್ಯಾಂ ಎಷ್ಟಾಗಿದೆ?" ಲಕ್ಕವಳ್ಳಿಯ ಭದ್ರಾ ಜಲಾಶಯ 186 ಅಡಿ ತುಂಬಿದರೆ ನಮ್ಮ ಕಡೆಯ ನಾಲೆಗೆ ನೀರು, ನಾಲೆಗೆ ನೀರು ಬಂದರೆ ಭತ್ತ. ದಾವಣಗೆರೆಯಲ್ಲಿ ಮಳೆಗಾಲದಲ್ಲಿ ಇಬ್ಬರು ಎದುರಾದರೆ ಆರೋಗ್ಯ ವಿಚಾರಿಸುವ ಮೊದಲು ಈ ಲೆಕ್ಕ ಮಾತಾಡುತ್ತಾರೆ. ಅಂಗಡಿಯವರು ಒಲೆಯಿಂದ ಮುಖವೆತ್ತದೆಯೇ, "ಪುಷ್ಯ ಮಳೆ ಹೀಗೇ ಹಿಡಿದರೆ ಹದಿನೈದು ದಿನದಲ್ಲಿ ತುಂಬುತ್ತದೆ ಮೇಷ್ಟ್ರೇ" ಎಂದರು. ಅಪ್ಪ ಮೇಷ್ಟ್ರೆಂದು ಇವರಿಗೆ ಹೇಗೆ ಗೊತ್ತಾಯಿತೋ! ಅಪ್ಪನ ಮುಖ ಅರಳಿತು.

ಲಿಂಗದಹಳ್ಳಿ ಕಳೆದ ಮೇಲೆ ರಸ್ತೆ ಏರತೊಡಗುತ್ತದೆ. ಸಂತವೇರಿಯ ತಿರುವುಗಳಲ್ಲಿ ಎದುರಿನಿಂದ ಬರುವ ಬಸ್ಸಿನ ದೀಪ ಮಾತ್ರ ಕಾಣುತ್ತದೆ, ಬಸ್ಸು ಕಾಣುವುದಿಲ್ಲ. ಮಳೆಗಾಲದಲ್ಲಿ ಈ ದಾರಿಯಲ್ಲಿ ಬರುವವರು ಮಧ್ಯಾಹ್ನ ಮೂರರೊಳಗೆ ಘಾಟಿ ದಾಟಿಬಿಡುವುದು ಒಳ್ಳೆಯದು, ನಾಲ್ಕಕ್ಕೇ ಮಂಜು ರಸ್ತೆಗೆ ಇಳಿಯುತ್ತದೆ. ಅವ್ವ ಕಿಟಕಿಯ ಗಾಜು ಇಳಿಸಿ ಕೈ ಹೊರಗೆ ಚಾಚಿ, ಸಿಲ್ವರ್ ಓಕ್ ಮರಗಳಿಂದ ಉದುರುವ ಹನಿಯನ್ನು ಅಂಗೈಯಲ್ಲಿ ಹಿಡಿದು ಮುಖಕ್ಕೆ ಸವರಿಕೊಂಡಳು. ಅಷ್ಟು ಹೊತ್ತಿಗೇ ನನ್ನ ದುಡ್ಡು ವಸೂಲಾಯಿತು ಅನ್ನಿಸಿತ್ತು.

ಹೋಟೆಲಿನ ಬಾಗಿಲಲ್ಲಿ ಹಣೆಗೆ ಕುಂಕುಮ ಇಟ್ಟರು, ಕೊರಳಿಗೆ ಮಣಿಸರ ಹಾಕಿದರು. ಆಮೇಲೆ ಒಂದು ಗಂಟೆ ನಲವತ್ತು ನಿಮಿಷ ಕಾಯಿಸಿದರು. ಕೋಣೆ ಸಿದ್ಧವಾಗಿಲ್ಲ. ಕಣಿವೆಗೆ ಮುಖ ಮಾಡಿದ ಕಾಟೇಜ್‌ಗಳಲ್ಲಿ ದುರಸ್ತಿ ನಡೆಯುತ್ತಿದೆಯಂತೆ, ಅದೇ ದರ್ಜೆಯ ಬೇರೆ ಕಾಟೇಜ್ ಕೊಡುತ್ತಾರಂತೆ. ದುರಸ್ತಿಯ ವಿಷಯ ಮುಂಚಿತವಾಗಿ ತಿಳಿಸಬೇಕಿತ್ತಲ್ಲವೇ ಎಂದರೆ, "ಕ್ಷಮಿಸಿ ಮೇಡಂ" ಎಂಬ ಒಂದೇ ಮಾತು. ನಮಗೆ ಕೊಟ್ಟ ಕಾಟೇಜ್ ಇದ್ದದ್ದು ಹಿಂಬದಿಯಲ್ಲಿ. ಕಿಟಕಿಯ ಪರದೆ ಸರಿಸಿದರೆ ಹಸಿರು ಬಲೆ ಹೊದ್ದ ಕಟ್ಟಡ, ಅದರ ಪಕ್ಕದಲ್ಲಿ ಜನರೇಟರ್ ಕೋಣೆ. ಮಳೆಗೆ ಕರೆಂಟು ಹೋದಾಗಲೆಲ್ಲ ಅದು ಗುಡುಗುತ್ತಿತ್ತು, ಕರೆಂಟು ಹೋಗುತ್ತಲೇ ಇತ್ತು.

ಅಪ್ಪ ಕಿಟಕಿಯ ಹತ್ತಿರ ನಿಂತು, "ಚೆನ್ನಾಗಿದೆ" ಎಂದರು. ಅವ್ವ ಹಾಸಿಗೆಯನ್ನು ಕೈಯಿಂದ ಒತ್ತಿ ನೋಡಿ, "ಎಷ್ಟು ಮೆತ್ತಗಿದೆ ನೋಡು" ಎಂದಳು. ನಾನು ನಂಬಿದೆ.

ಅವರ ಕೋಣೆಯ ಸ್ನಾನದ ಮನೆಯನ್ನು ನಾನು ಆಗ ಸರಿಯಾಗಿ ನೋಡಲಿಲ್ಲ. ನೋಡಿದ್ದರೆ ಆ ಕ್ಷಣವೇ ಹೊರಟುಬಿಡುತ್ತಿದ್ದೆ. ಮಂಚಕ್ಕೂ ಸ್ನಾನದ ಮನೆಗೂ ನಡುವೆ ಇದ್ದದ್ದು ಗಾಜಿನ ಗೋಡೆ. ಒಳಗಿನ ಕಮೋಡು, ಸ್ನಾನದ ತೊಟ್ಟಿ ಎಲ್ಲವೂ ಮಂಚದ ಮೇಲೆ ಮಲಗಿದವರಿಗೆ ಕಾಣುತ್ತದೆ. ಗಾಜಿಗೆ ಇಳಿಬಿಡುವ ಒಂದು ಪರದೆ ಇತ್ತು, ಗುಂಡಿ ಒತ್ತಿದರೆ ಇಳಿಯುವಂಥದ್ದು. ಅದು ಕೆಟ್ಟು ಮೇಲೆಯೇ ಸಿಕ್ಕಿಕೊಂಡಿತ್ತು. ಬಾಗಿಲೂ ಗಾಜಿನದೇ, ಚಿಲಕವಿಲ್ಲ.

ರಾತ್ರಿಯ ಊಟದ ಫಲಕದಲ್ಲಿ ಮಲೆನಾಡ ಊಟ ಎಂದು ಬರೆದಿತ್ತು. ನಾನು ದಾರಿಯುದ್ದಕ್ಕೂ ಅವ್ವನಿಗೆ ಕಳಲೆ ಪಲ್ಯ, ಪತ್ರೊಡೆ, ಕಡುಬು ಎಂದು ಆಸೆ ಹುಟ್ಟಿಸಿದ್ದೆ. ಜುಲೈ ತಿಂಗಳಲ್ಲಿ ಮಲೆನಾಡಿನ ಯಾವ ಮನೆಗೆ ಹೋದರೂ ಕಳಲೆಯೋ ಕೆಸುವಿನ ಎಲೆಯೋ ಒಲೆಯ ಮೇಲಿರುತ್ತದೆ. ಇಲ್ಲಿ ಇದ್ದದ್ದು ಪನೀರ್ ಮಸಾಲ, ನೂಡಲ್ಸ್, ಮತ್ತು ದೀಪದ ಬಿಸಿಯಲ್ಲಿ ಯಾವಾಗಿನಿಂದಲೋ ಕೂತು ಚರ್ಮದಂತಾಗಿದ್ದ ಅಕ್ಕಿ ರೊಟ್ಟಿ. ಅಪ್ಪ ಅದರ ಒಂದು ಚೂರನ್ನು ಬಾಯಲ್ಲಿ ಹಾಕಿಕೊಂಡು ಬಹಳ ಹೊತ್ತು ಅಗಿದರು. ಚಾಲಕ ತಮ್ಮನೂ ನಮ್ಮ ಜೊತೆ ಊಟಕ್ಕೆ ಬರಲಿ ಎಂದೆ. ಅವನಿಗೂ ಪೂರ್ತಿ ಬಿಲ್ ಆಗುತ್ತದೆ ಎಂದು ಎಚ್ಚರಿಸಿದರು. ಆಗಲಿ ಎಂದು ಕರೆದೆ.

ಅವನು ಎಲ್ಲಿ ಮಲಗುತ್ತಾನೆ ಎಂದು ಕೇಳಿದಾಗಲೇ ನನಗೆ ತಿಳಿದದ್ದು, ಚಾಲಕರಿಗೆ ಇಲ್ಲಿ ಜಾಗವೇ ಇಲ್ಲ. ಕಾರಿನಲ್ಲೇ ಮಲಗಬೇಕು. ಶೌಚಾಲಯ ಅಡುಗೆ ಮನೆಯ ಹಿಂದೆ ಇದೆ, ರಾತ್ರಿ ಹನ್ನೊಂದಕ್ಕೆ ಬೀಗ ಹಾಕುತ್ತಾರೆ. ಹೊರಗೆ ಜಡಿಮಳೆ, ಹಲ್ಲು ಕಡಿಯುವ ಚಳಿ. "ನನಗೆ ರೂಢಿ ಇದೆ ಅಕ್ಕಾ" ಎಂದ. ಊಟಿಗೆ ಹೋದಾಗ ಅಲ್ಲಿಯ ಚಾಲಕರು ಅವನಿಗೆ ಹೇಳಿದ್ದರಂತೆ, ತಮಿಳುನಾಡಿನಲ್ಲಿ 2023ರಲ್ಲಿ ಕಟ್ಟಡದ ನಿಯಮವನ್ನೇ ತಿದ್ದಿ, ಹೋಟೆಲ್‌ಗಳು ಚಾಲಕರಿಗೆ ಮಲಗುವ ಜಾಗ ಮತ್ತು ಶೌಚಾಲಯ ಒದಗಿಸಬೇಕು ಎಂದು ಮಾಡಿದ್ದಾರೆ ಎಂದು. ಕಾಟೇಜಿನ ನಡುಮನೆಯ ಸೋಫಾದಲ್ಲಿ ಮಲಗು ಎಂದೆವು. ಅದಕ್ಕೂ ಹೋಟೆಲಿನವರು ಒಪ್ಪಲಿಲ್ಲ, ಅತಿಥಿಗಳ ಪಟ್ಟಿಯಲ್ಲಿ ಅವನ ಹೆಸರಿಲ್ಲವಂತೆ. ಅಷ್ಟು ದೂರ ನಮ್ಮ ಪ್ರಾಣವನ್ನು ಕೈಯಲ್ಲಿ ಹಿಡಿದು ತಂದ ಹುಡುಗ, ನಮ್ಮ ಮನೆಯಿಂದ ತಂದ ಕಂಬಳಿಯೊಂದನ್ನು ಹೊದ್ದು ಕಾರಿನ ಹಿಂದಿನ ಸೀಟಿನಲ್ಲಿ ಮುದುಡಿಕೊಂಡ. ನನಗೆ ಸಿಟ್ಟು ಬಂದದ್ದು ಅಲ್ಲಿಂದ. ಕಾರು ಮಾಡಿಕೊಂಡು ಹೋಗುವವರು ಹಣ ಕಟ್ಟುವ ಮೊದಲು ಫೋನ್ ಮಾಡಿ ಚಾಲಕನಿಗೆ ಮಂಚ ಇದೆಯೇ ಎಂದು ಕೇಳಿಬಿಡಿ. ನಾನು ಕೇಳಿರಲಿಲ್ಲ, ಅದು ನನ್ನ ತಪ್ಪು.

ಎರಡನೆಯ ದಿನ, ಬುಧವಾರ

ರಾತ್ರಿ ಎರಡರ ಸುಮಾರಿಗೆ ಬಾಗಿಲ ಸದ್ದಿಗೆ ಎಚ್ಚರವಾಯಿತು. ಹೊರಗೆ ಬಂದು ನೋಡಿದರೆ ಅಪ್ಪ ಕೊಡೆ ಮಡಚಿ ಹನಿ ಕೊಡವುತ್ತಿದ್ದಾರೆ. ಪಂಚೆ ಮೊಣಕಾಲಿನವರೆಗೆ ತೊಯ್ದಿದೆ. ಏನಪ್ಪಾ ಇದು ಎಂದರೆ, "ನಿದ್ದೆ ಬರಲಿಲ್ಲ, ಸುಮ್ಮನೆ ಓಡಾಡಿಕೊಂಡು ಬಂದೆ" ಎಂದರು. ಆ ಮಳೆಯಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ! ಮಲೆನಾಡಿನ ಮಳೆ ನೋಡುವ ಆಸೆ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಅವ್ವನ ತಲೆ ಬಾಚುವಾಗ ವಿಷಯ ಹೊರಬಂತು. ಅಪ್ಪ ರಾತ್ರಿ ಎರಡು ಸಲ ಮಳೆಯಲ್ಲಿ ನಡೆದು, ಮೇಲಿನ ಸ್ವಾಗತ ಕಚೇರಿಯ ಪಕ್ಕದ ಸಾರ್ವಜನಿಕ ಶೌಚಾಲಯಕ್ಕೆ ಹೋಗಿ ಬಂದಿದ್ದರು. ಗಾಜಿನ ಆ ಕೋಣೆಗೆ ಹೋಗಲು ಅವರಿಗೆ ಆಗಲಿಲ್ಲ. ಮಗಳ ಕೋಣೆಯ ಬಾಗಿಲು ತಟ್ಟಲೂ ಆಗಲಿಲ್ಲ. ಅವ್ವ ಹಿಂದಿನ ಸಂಜೆಯಿಂದ ನೀರು ಕುಡಿಯುವುದನ್ನೇ ನಿಲ್ಲಿಸಿದ್ದಳು. "ಐವತ್ತು ವರ್ಷ ಸಂಸಾರ ಮಾಡಿದರೂ ನಾಚಿಕೆ ಎಂಬುದು ಇರುವುದಿಲ್ಲವೇನೇ? ನಿನಗೆ ಹೇಳಬೇಡ ಎಂದರು ನಿಮ್ಮಪ್ಪ. ಅಷ್ಟು ಖರ್ಚು ಮಾಡಿದೆ, ಬೇಜಾರಾಗುತ್ತದೆ ಎಂದರು."

ಬಾಚಣಿಗೆ ಕೈಯಲ್ಲೇ ಉಳಿಯಿತು. ಹೋಗಿ ಆ ಸ್ನಾನದ ಮನೆಯನ್ನು ಮೊದಲ ಸಲ ಸರಿಯಾಗಿ ನೋಡಿದೆ. ಹೊಳೆಯುವ ನೆಲ, ಒದ್ದೆಯಾದರೆ ಜಾರುವುದು ಖಂಡಿತ. ಹಿಡಿದುಕೊಳ್ಳಲು ಒಂದು ಸರಳೂ ಇಲ್ಲ. ಸ್ನಾನ ಮಾಡಬೇಕಾದರೆ ಮೊಣಕಾಲೆತ್ತರದ ತೊಟ್ಟಿಯ ಅಂಚನ್ನು ದಾಟಿ ಒಳಗೆ ನಿಲ್ಲಬೇಕು. ಅವ್ವನ ಎರಡೂ ಮೊಣಕಾಲು ಸವೆದಿವೆ, ಮನೆಯ ಎರಡು ಮೆಟ್ಟಿಲನ್ನೂ ಗೋಡೆ ಹಿಡಿದು ಹತ್ತುತ್ತಾಳೆ. ಬಕೆಟ್ ಇಲ್ಲ, ಚೊಂಬು ಇಲ್ಲ. ನಲ್ಲಿ ತಿರುಗಿಸಿ ಹದಿನೈದು ನಿಮಿಷ ಕಾದರೂ ಬಂದದ್ದು ಉಗುರು ಬೆಚ್ಚಗಿನ ನೀರು.

ವ್ಯವಸ್ಥಾಪಕರ ಬಳಿ ಹೋದೆ. ನನ್ನ ದನಿ ನಡುಗುತ್ತಿತ್ತು. ಅವರು ತಾಳ್ಮೆಯಿಂದ ಕೇಳಿ, "ಇದು ಅಂತರರಾಷ್ಟ್ರೀಯ ವಿನ್ಯಾಸ ಮೇಡಂ, ನಮ್ಮ ಎಲ್ಲ ಕಾಟೇಜ್‌ಗಳೂ ಹೀಗೆಯೇ ಇವೆ" ಎಂದರು. ಪರದೆ ದುರಸ್ತಿ ಮಾಡುವವರು ಬೆಂಗಳೂರಿನಿಂದ ಬರಬೇಕಂತೆ. ಮಲಗುವ ಕೋಣೆಗೂ ಶೌಚಕ್ಕೂ ನಡುವೆ ಒಂದು ಗೋಡೆ ಬೇಕು ಎಂಬುದಕ್ಕೆ ದೇಶ, ವಿದೇಶ ಎಂಬ ಭೇದವಿದೆಯೇ? ಈ ಗಾಜನ್ನು ಯೋಚಿಸಿದವರು ಯಾರೇ ಆಗಲಿ, ತಮ್ಮ ತಾಯಿ ಅಲ್ಲಿ ಒಂದು ರಾತ್ರಿ ಇರುವುದನ್ನು ಕಣ್ಣ ಮುಂದೆ ತಂದುಕೊಂಡಿರಲಿಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ನಮಗೆ ನೆರವಾದವನು ಕೋಣೆ ಗುಡಿಸಲು ಬಂದ ಅಸ್ಸಾಮಿನ ಹುಡುಗ. ಎರಡು ವರ್ಷದಲ್ಲಿ ಕಲಿತ ಕನ್ನಡದಲ್ಲಿ, "ಅಮ್ಮಾ, ಸೀರೆ ಇದೆಯಾ?" ಎಂದು ಕೇಳಿದ. ಅವ್ವ ಪೆಟ್ಟಿಗೆಯಿಂದ ಇಳಕಲ್ ಸೀರೆಯೊಂದನ್ನು ತೆಗೆದುಕೊಟ್ಟಳು. ಗಾಜಿನ ಗೋಡೆ ಚಾವಣಿಗೆ ಒಂದು ಗೇಣು ಕೆಳಗೆ ನಿಲ್ಲುತ್ತಿತ್ತು. ಅವನು ಕುರ್ಚಿ ಹತ್ತಿ, ಸೀರೆಯನ್ನು ಎರಡು ಮಡಿಕೆ ಮಾಡಿ ಅದರ ಮೇಲಂಚಿನ ಮೇಲೆ ಹಾಸಿ, ಬಟ್ಟೆ ಒಗೆಯುವ ಕಡೆಯಿಂದ ತಂದ ಕ್ಲಿಪ್ಪುಗಳನ್ನು ಗೇಣಿಗೊಂದರಂತೆ ಹಾಕಿದ. ನೆರಿಗೆ ಬೀಳದಂತೆ ಕೆಳಗಿನಿಂದ ಎಳೆದು ನೋಡಿದ. ಒಳಗೆ ದೀಪ ಹಾಕಿದಾಗ ನೀಲಿ ಒಡಲಿನ ಚೌಕಳಿ ಗಾಜಿನ ಮೇಲೆ ಮೂಡಿತು, ತುದಿಯಲ್ಲಿ ಕೆಂಪು ಸೆರಗಿನ ಬಿಳಿ ತೆನೆಗಳು ಸಾಲಾಗಿ ನಿಂತವು. ಒಳಗಿದ್ದವರ ನೆರಳು ಸಹ ಹೊರಗೆ ಕಾಣುತ್ತಿರಲಿಲ್ಲ. ಆಮೇಲೆ ಅಡುಗೆ ಮನೆಯಿಂದ ಎರಡು ಪಾತ್ರೆ ಬಿಸಿನೀರು ತಂದ. ತನ್ನ ಊಟದ ಬಿಡುವಿನಲ್ಲಿ ಕೆಳಗಿನ ಹಳ್ಳಿಯ ಅಂಗಡಿಗೆ ಹೋಗಿ ಒಂದು ಪ್ಲಾಸ್ಟಿಕ್ ಬಕೆಟ್ ಮತ್ತು ಚೊಂಬು ಕೊಂಡು ತಂದ. ತನ್ನ ಕೈಯಿಂದ ಹಣ ಹಾಕಿ!

ಮನಸ್ಸು ಕೆಟ್ಟಿತ್ತು. ಆದರೂ ಮುಳ್ಳಯ್ಯನಗಿರಿಗೆ ಹೊರಟೆವು. ಈಗ ಅಲ್ಲಿಗೆ ಹೋಗುವ ವಾಹನಗಳನ್ನು ಮೊದಲೇ ಆನ್‌ಲೈನ್‌ನಲ್ಲಿ ನೋಂದಾಯಿಸಬೇಕು, ಬೆಳಗಿನ ಪಾಳಿ ಮಧ್ಯಾಹ್ನದ ಪಾಳಿ ಎಂದು ಎರಡು ಭಾಗ. ಹಿಂದಿನ ವಾರವೇ ಮಾಡಿಸಿಟ್ಟಿದ್ದರಿಂದ ಕೈಮರದ ತಪಾಸಣಾ ಠಾಣೆಯಲ್ಲಿ ತೊಂದರೆಯಾಗಲಿಲ್ಲ. ಸೀತಾಳಯ್ಯನಗಿರಿಯವರೆಗೆ ಮಂಜಿನಲ್ಲಿ ಕಾರಿನ ಮೂತಿಯೂ ಕಾಣುತ್ತಿರಲಿಲ್ಲ. ಅವ್ವ ಕಾರಿನಲ್ಲೇ ಕೂತಳು, ಅಪ್ಪ ಮೆಟ್ಟಿಲು ಹತ್ತುತ್ತೇನೆ ಎಂದು ಹಟ ಹಿಡಿದರು. ಗಾಳಿ ನಮ್ಮನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಕೊಡೆ ಒಂದು ಸಲ ತಿರುಗಿ ಕೊಳವೆಯಾಯಿತು, ಮುಂದೆ ಅದನ್ನು ಊರುಗೋಲಾಗಿ ಬಳಸಿದರು. ಬೆಟ್ಟಕ್ಕೆ ಹೋಗುವವರು ಮಳೆ ಅಂಗಿ ಒಯ್ಯಿರಿ, ಕೊಡೆ ಅಲ್ಲಿ ನಿಲ್ಲುವುದಿಲ್ಲ. 1,930 ಮೀಟರ್, ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ನೆಲವಿಲ್ಲ. ಮೇಲೆ ಗದ್ದುಗೆಗೆ ಕೈಮುಗಿದು ಕಟ್ಟೆಗೆ ಒರಗಿ ನಿಂತಿದ್ದಾಗ ಮಂಜು ಒಂದು ನಿಮಿಷ, ಒಂದೇ ಒಂದು ನಿಮಿಷ ಹರಿಯಿತು. ಕೆಳಗೆ ಹುಲ್ಲಿನ ಬೆಟ್ಟಗಳ ಏಣುಗಳು, ನಡುವೆ ಶೋಲಾ ಕಾಡಿನ ಕಪ್ಪು ಗೆರೆಗಳು, ದೂರದಲ್ಲಿ ಯಾವುದೋ ಕೆರೆಯ ಹೊಳಪು. ಅಪ್ಪ ಏದುಸಿರು ಬಿಡುತ್ತ, "ನಿಮ್ಮ ಅವ್ವನಿಗೆ ಇದನ್ನು ಹೇಗೆ ಹೇಳುವುದು?" ಎಂದರು. ಇಳಿದು ಬಂದು ಅರ್ಧ ಗಂಟೆ ಹೇಳಿದರು. ಹೇಳುವಾಗ ಕಾಲಿಗೆ ಇಂಬಳ ಹತ್ತಿದ್ದೂ ಗೊತ್ತಾಗಿರಲಿಲ್ಲ. ತಮ್ಮ ಕಂಡು, ಉಪ್ಪಿನ ಪೊಟ್ಟಣ ತೆಗೆದು ಉದುರಿಸಿದ.

ಸಂಜೆ ಮಳೆ ಬಿಟ್ಟಿತ್ತು. ಹೋಟೆಲಿನ ಅಂಗಳದಲ್ಲಿ ಎಲೆ ಗುಡಿಸುತ್ತಿದ್ದ ಹೆಂಗಸಿನ ಜೊತೆ ಅವ್ವ ಮಾತಿಗೆ ಕೂತಿದ್ದಳು, ನಾನೂ ಹೋಗಿ ಕೂತೆ. ಐವತ್ತೈದರ ಆಸುಪಾಸಿನವರು. ಈ ಜಾಗ ಹೋಟೆಲ್ ಆಗುವ ಮೊದಲು ಇಲ್ಲೇ ಹಣ್ಣು ಕುಯ್ಯುತ್ತಿದ್ದವರು. "ಆ ಈಜುಕೊಳ ಇದೆಯಲ್ಲ, ಅಲ್ಲೇ ಕಣ ಇತ್ತು. ಡಿಸೆಂಬರ್ ಬಂದರೆ ಕಣದ ತುಂಬ ಕಾಫಿ ಹರವಿರುತ್ತಿದ್ದೆವು, ರಾತ್ರಿ ಇಬ್ಬನಿಗೆ ನೆನೆಯಬಾರದೆಂದು ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಿದ್ದೆವು" ಎಂದರು. ಈಗ ಅಲ್ಲಿ ನೀರು ಹಸಿರುಗಟ್ಟಿತ್ತು, ಸುತ್ತ ಹಗ್ಗ ಕಟ್ಟಿತ್ತು.

ಅವರು ನನ್ನನ್ನು ಅಂಚಿನ ಕಾಫಿ ಗಿಡವೊಂದರ ಹತ್ತಿರ ಕರೆದೊಯ್ದರು. ಹಳೆಯ ಅರೇಬಿಕಾ, 795 ಎಂಬ ತಳಿ. ಎಲೆ ಹಳದಿಯಾಗಿ ಜೋತುಬಿದ್ದಿತ್ತು. ಕಾಂಡದ ಮೇಲೆ ನನ್ನ ಬೆರಳನ್ನು ಇಟ್ಟು ಮೇಲಿನಿಂದ ಕೆಳಗೆ ಎಳೆದರು. ತೊಗಟೆಯ ಅಡಿಯಲ್ಲಿ ಬಳೆಯಂತೆ ಉಬ್ಬಿದ ಗೆರೆಗಳು ಬೆರಳಿಗೆ ತಾಗಿದವು. "ಕಾಂಡಕೊರಕ ಹುಳು. ಒಳಗೆ ಸುರಂಗ ಕೊರೆದುಕೊಂಡು ಹೋಗಿದೆ. ಬಿಸಿಲು ಬಿದ್ದ ಗಿಡ ಅದಕ್ಕೆ ಬಲು ಇಷ್ಟ. ಕಣಿವೆ ಕಾಣಲಿ ಎಂದು ಮೇಲಿನ ನೆರಳಿನ ಮರಗಳನ್ನು ಕಡಿಸಿಬಿಟ್ಟರು. ಚಿಗುರು ತೆಗೆಯುವವರೂ ಇಲ್ಲ. ಅತಿಥಿಗಳು ಫೋಟೊ ತೆಗೆಯಲಿ ಎಂದು ನಿಲ್ಲಿಸಿದ್ದಾರೆ." ಆ ಗಿಡವನ್ನು ಮುಟ್ಟುವಾಗ ಅವರ ಮುಖ, ಕಾಯಿಲೆ ಬಿದ್ದ ದನದ ಮೈ ಸವರುವ ನಮ್ಮ ಅಜ್ಜಿಯ ಮುಖದಂತಿತ್ತು.

ಕೋಣೆಗೆ ಬಂದು ಕಾಫಿ ಮಾಡಿಕೊಳ್ಳೋಣ ಎಂದರೆ, ತಟ್ಟೆಯಲ್ಲಿದ್ದದ್ದು ದಿಢೀರ್ ಕಾಫಿಯ ಎರಡು ಪೊಟ್ಟಣ ಮತ್ತು ಹಾಲಿನ ಪುಡಿ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ನೆಟ್ಟರೆಂದು ಹೇಳುವ ಬೆಟ್ಟ ಇಲ್ಲಿಂದ ಕೂಗಳತೆಯಲ್ಲಿದೆ, ಸುತ್ತ ನಾಲ್ಕು ದಿಕ್ಕಿಗೂ ಕಾಫಿ. ಫಿಲ್ಟರ್ ಕಾಫಿ ಬೇಕೆಂದರೆ ಲೋಟಕ್ಕೆ 280 ರೂಪಾಯಿ, ತೆರಿಗೆ ಬೇರೆ. ತರಿಸಿದೆ. ತಣ್ಣಗಾಗಿತ್ತು.

ರಾತ್ರಿ ಎಂಟಕ್ಕೆ ಬಾಗಿಲು ತಟ್ಟಿ ಒಂದು ಕೇಕ್ ತಂದಿಟ್ಟರು, ಬೆಳಗಿನ ಅನನುಕೂಲಕ್ಕೆ ಕ್ಷಮೆಯೆಂದು, ಐವತ್ತು ವರ್ಷದ ಶುಭಾಶಯವೆಂದು. ಅವ್ವ ಕೇಳಿದಳು, "ಮೊಟ್ಟೆ ಹಾಕಿದ್ದಾರೇನಪ್ಪಾ?" ತಂದವರಿಗೆ ಗೊತ್ತಿರಲಿಲ್ಲ, ವಿಚಾರಿಸಿ ಬಂದು ಹೌದು ಎಂದರು. ನಾವು ಮೊಟ್ಟೆ ತಿನ್ನುವವರಲ್ಲ. ಕೋಣೆ ಕಾದಿರಿಸುವಾಗಲೇ ಸಸ್ಯಾಹಾರ ಎಂದು ಬರೆದುಕೊಟ್ಟಿದ್ದೆ. ಅಪ್ಪ ಅವ್ವ ಆ ಕೇಕಿನ ಎದುರು ಸ್ವಲ್ಪ ಹೊತ್ತು ಕೂತಿದ್ದರು. ಆಮೇಲೆ ಅವ್ವ ಅದನ್ನು ಅಸ್ಸಾಮಿನ ಹುಡುಗನಿಗೆ ಮತ್ತು ಅವನ ಜೊತೆಯವರಿಗೆ ಕೊಟ್ಟು, ನಮಗೆ ಖಡಕ್ ರೊಟ್ಟಿ ಬಿಚ್ಚಿದಳು. ಕಾರಿನಿಂದ ತಮ್ಮನೂ ಬಂದ. ಚಟ್ನಿಪುಡಿಗೆ ಎಣ್ಣೆ ಇರಲಿಲ್ಲ, ನೀರಿನಲ್ಲಿ ಕಲಸಿಕೊಂಡು ತಿಂದೆವು.

"ನಾಳೆ ಹೊರಡೋಣವೇ?" ಎಂದು ಕೇಳಿದೆ. ಇನ್ನೂ ಒಂದು ರಾತ್ರಿ ಬಾಕಿ ಇತ್ತು. ಇಬ್ಬರೂ ಏನೂ ಹೇಳಲಿಲ್ಲ. ಅಪ್ಪ ಎದ್ದು ತಮ್ಮ ಪಂಚೆ ಮಡಚಿ ಚೀಲಕ್ಕೆ ಹಾಕಿದರು.

ಮೂರನೆಯ ದಿನ, ಗುರುವಾರ

ಹೊರಡುವಾಗ ಬಿಲ್ಲನ್ನು ಅಪ್ಪ ತಮ್ಮ ಕೈಗೆ ತೆಗೆದುಕೊಂಡರು. ನಾನು ಮುಚ್ಚಿಟ್ಟಿದ್ದ ಮೊತ್ತ ಅಲ್ಲಿತ್ತು. ಕನ್ನಡಕ ಏರಿಸಿ ಉತ್ತರ ಪತ್ರಿಕೆ ತಿದ್ದುವಂತೆ ಸಾಲು ಸಾಲಾಗಿ ಓದಿದರು. 63,720ರ ಹತ್ತಿರ ಬೆರಳು ಒಂದು ಕ್ಷಣ ನಿಂತಿತು. ನನ್ನ ಕಡೆ ನೋಡಲಿಲ್ಲ. ಊಟದ ಬಿಲ್ಲಿನ ಕೆಳಗೆ ಬಂದಾಗ, "ಈ ಶೇಕಡಾ ಹತ್ತು ಸೇವಾ ಶುಲ್ಕ ಏನು?" ಎಂದು ಕೇಳಿದರು. ಅದು ನಮ್ಮ ನಿಯಮ ಎಂದರು ಕೌಂಟರಿನವರು. "ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಇದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಎಂದಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಪತ್ರಿಕೆಯಲ್ಲಿ ಓದಿದ್ದೇನೆ" ಎಂದರು ಅಪ್ಪ, ದನಿ ಏರಿಸದೆ. ಹತ್ತು ನಿಮಿಷ ಒಳಗೆ ಮಾತಾಡಿ ಬಂದು ತೆಗೆದುಹಾಕಿದರು. ನನ್ನ ಅಪ್ಪನ ಬಗ್ಗೆ ಆ ಕ್ಷಣ ನನಗೆ ಆದಷ್ಟು ಹೆಮ್ಮೆ ಬೇರೆ ಯಾವಾಗಲೂ ಆಗಿಲ್ಲ. ಮೂರನೆಯ ರಾತ್ರಿಯ ಹಣ ವಾಪಸ್ ಬರಲಿಲ್ಲ.

ಐದು ನಕ್ಷತ್ರದ ಪ್ರಮಾಣಪತ್ರ ತೋರಿಸಿ ಎಂದು ನಾನು ಕೇಳಿದೆ. ತಾರಾ ದರ್ಜೆ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ, ಅದು ಐದು ವರ್ಷಕ್ಕೆ ಮಾತ್ರ ಊರ್ಜಿತ, ಪಡೆಯಲೇಬೇಕೆಂಬ ಕಡ್ಡಾಯವೂ ಇಲ್ಲ. ಇವರ ಬಳಿ ಅದು ಇರಲಿಲ್ಲ. ಮೊಬೈಲಿನಲ್ಲಿ ಕಂಡ ನಕ್ಷತ್ರಗಳು ಸಚಿವಾಲಯದ್ದಲ್ಲ ಎಂದು ಅವರೇ ಒಪ್ಪಿಕೊಂಡರು. ನಾನು ಇದನ್ನು ಕೇಳಬೇಕಿದ್ದದ್ದು ಎರಡು ತಿಂಗಳ ಹಿಂದೆ, ಹಣ ಕಟ್ಟುವ ಮೊದಲು.

ಚಿಕ್ಕಮಗಳೂರು ಪೇಟೆಯಲ್ಲಿ ಕಾಫಿ ಪುಡಿಯ ಅಂಗಡಿಯ ಮುಂದೆ ನಿಲ್ಲಿಸಿದೆವು. ಒಳಗೆ ಬೀಜ ಹುರಿಯುವ ಹೊಗೆ, ಅರೆಯುವ ಯಂತ್ರದ ಸದ್ದು. "ಚಿಕೋರಿ ಎಷ್ಟು ಹಾಕಲಿ?" ಎಂದು ಕೇಳಿದರು. ಅವ್ವ ಚಿಕೋರಿ ಬೇಡ ಎಂದಾಗ ಅಂಗಡಿಯವರು ಮೆಚ್ಚಿಕೊಂಡು, ಹಾಗಾದರೆ ಅರೇಬಿಕಾಕ್ಕೆ ಸ್ವಲ್ಪ ರೊಬಸ್ಟಾ ಸೇರಿಸುತ್ತೇನೆ, ಡಿಕಾಕ್ಷನ್ ಗಟ್ಟಿಯಾಗುತ್ತದೆ ಎಂದು ಅಳೆದು ಬೆರೆಸಿದರು. ಇನ್ನೂ ಬಿಸಿಯಿದ್ದ ಪುಡಿಯ ಪೊಟ್ಟಣವನ್ನು ಅವ್ವ ದಾರಿಯುದ್ದಕ್ಕೂ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ತರೀಕೆರೆಯಿಂದ ಹತ್ತು ಕಿಲೋಮೀಟರ್ ಒಳಗೆ ಹೋದರೆ ಅಮೃತಾಪುರ. ನಾನು ಪಟ್ಟಿಯಲ್ಲಿ ಹಾಕಿರಲಿಲ್ಲ, ಅಪ್ಪ ಕೇಳಿದರು. ಹೊಯ್ಸಳ ದೊರೆ ವೀರ ಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ, ತೆಂಗಿನ ತೋಟದ ನಡುವೆ. ಜನರೇ ಇರಲಿಲ್ಲ. ಮಳೆ ನಿಂತು ಬಿಸಿಲು ಬಂದಿತ್ತು, ಒದ್ದೆ ಕಲ್ಲಿನಿಂದ ಆವಿ ಏಳುತ್ತಿತ್ತು. ಮುಖಮಂಟಪದ ಒಳಗೆ ತಿರುಗಣಿಯಲ್ಲಿ ಕಡೆದ ಕಂಬಗಳು ಎಂಟುನೂರು ವರ್ಷದ ಮೇಲೂ ಕನ್ನಡಿಯಂತೆ ಹೊಳೆಯುತ್ತವೆ. ಶಿಲ್ಪಿ ಮಲ್ಲಿತಮ್ಮ ತನ್ನ ಕೆಲಸ ಆರಂಭಿಸಿದ್ದು ಇಲ್ಲಿ ಎಂದು ಹೇಳುತ್ತಾರೆ. ಗೋಡೆಯ ಹೊರಗೆ ರಾಮಾಯಣದ ಫಲಕಗಳ ಸಾಲು. ಅಪ್ಪ ಶಾಲಾ ಮಕ್ಕಳಿಗೆ ತೋರಿಸುವಂತೆ ನಮಗೂ ತಮ್ಮನಿಗೂ ಒಂದೊಂದನ್ನೇ ತೋರಿಸಿದರು. ಅವ್ವ ಮಂಟಪದ ಅಂಚಿನ ಕಲ್ಲಿನ ಜಗುಲಿಯ ಮೇಲೆ ಕಾಲು ಚಾಚಿ ಕೂತಳು. ಕೂರುವವರ ಬೆನ್ನು ಒರಗಲೆಂದು ಆ ಜಗುಲಿಯ ಹಿಂಬದಿಯನ್ನು ಓರೆಯಾಗಿ ಕಡೆದಿದ್ದಾರೆ. ಅವ್ವ ಅದಕ್ಕೆ ಒರಗಿ ಹಾಗೆಯೇ ನಿದ್ದೆ ಹೋದಳು. ಎರಡು ರಾತ್ರಿಯ ನಿದ್ದೆ. ನಾವು ಮೂವರೂ ಗಂಟೆಗೂ ಮೇಲೆ ಮಾತಾಡದೆ ಕಾದೆವು.

ರಾತ್ರಿ ಒಂಬತ್ತಕ್ಕೆ ಮನೆ. ಅವ್ವ ಮೊದಲು ಸ್ನಾನದ ಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಊರಿಗೆ ಬಂದ ಮೂರನೆಯ ದಿನ ಹೋಟೆಲಿಗೆ ಫೋಟೊಗಳೊಂದಿಗೆ ಪತ್ರ ಬರೆದೆ: ಗಾಜು, ಕೆಟ್ಟ ಪರದೆ, ಬೀಗ ಹಾಕುವ ಚಾಲಕರ ಶೌಚಾಲಯ. ಮುಂದಿನ ಸಲ ಬಂದರೆ ಶೇ 20 ರಿಯಾಯಿತಿ ಎಂದು ಉತ್ತರ ಬಂತು. ಮುಂದಿನ ಸಲ ಬೇಡ, ತಂಗದ ರಾತ್ರಿಯ ಹಣ ಮತ್ತು ಆ ಸ್ನಾನದ ಮನೆಗೊಂದು ಗೋಡೆ ಬೇಕು ಎಂದು ಮತ್ತೆ ಬರೆದಿದ್ದೇನೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೂ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಅಸ್ಸಾಮಿನ ಹುಡುಗನ ಬಗ್ಗೆ ಬೇರೆಯದೇ ಒಂದು ಪುಟ ಬರೆದು ಜೊತೆಗಿಟ್ಟೆ.

ಅಪ್ಪ ಪ್ರತಿದಿನ ದಿನಚರಿ ಬರೆಯುತ್ತಾರೆ, ಮುಚ್ಚಿಡುವುದಿಲ್ಲ, ಮೇಜಿನ ಮೇಲೆಯೇ ಇರುತ್ತದೆ. ಆ ಬುಧವಾರದ ಪುಟ ತೆರೆದು ನೋಡಿದೆ. ಮುಳ್ಳಯ್ಯನಗಿರಿಯ ಬಗ್ಗೆ ಹನ್ನೊಂದು ಸಾಲು ಇತ್ತು. ಹೋಟೆಲಿನ ಬಗ್ಗೆ ಇದ್ದದ್ದು ಖರ್ಚಿನ ಅಂಕಣದಲ್ಲಿ ಒಂದೇ ಸಾಲು: "ಬಕೆಟ್, ಚೊಂಬು ತಂದ ಹುಡುಗನಿಗೆ 300. ಬೇಡವೆಂದ. ಜೇಬಿನಲ್ಲಿ ಇಟ್ಟು ಬಂದೆ."